ಅಂಗಡಿ ಮುಂದಿನ ಮರಕ್ಕೆ ನೀರು ಹಾಕುತ್ತಿದ್ದವರು ಯಾರು?

ಅಸದ್ ಬೇಗ್ ಅಂತ ಒಬ್ಬ ಮೊಗಲ್ ಅಧಿಕಾರಿ. 1604ರ ಸುಮಾರಿಗೆ ಅಕ್ಬರ್ ಬಾದಶಹನ ಕೆಲಸದ ಮೇಲೆ ಬಿಜಾಪುರಕ್ಕೆ ಬಂದಿದ್ದ. ಆಗ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲ. ಇತಿಹಾಸದಲ್ಲಿ ಈ ಅಸದ್ ಬೇಗನ ಹೆಸರು ಉಳಿದಿರೋದು ಬೇರೆಯದೇ ಕಾರಣಕ್ಕೆ. ಬಿಜಾಪುರದಲ್ಲಿ ಸಿಕ್ಕ ತಂಬಾಕನ್ನು ಒಯ್ದು ಅಕ್ಬರನ ಮುಂದಿಟ್ಟವನು ಇವನೇ. ನನಗೆ ಅವನ ತಂಬಾಕಿಗಿಂತ ಅವನು ಬರೆದಿಟ್ಟ ಬಜಾರಿನ ವರ್ಣನೆ ಮೇಲೆ ಪ್ರೀತಿ ಜಾಸ್ತಿ. ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಬಜಾರು, ಚೊಕ್ಕಟ ಬೀದಿ, ಒಂದೊಂದು ಅಂಗಡಿಯ ಮುಂದೆಯೂ ಒಂದೊಂದು ಹಸಿರು ಮರ ಎಂದು ಆತ ಬರೆಯುತ್ತಾನೆ.

ಬಿಜಾಪುರದಲ್ಲಿ ಹುಟ್ಟಿ ಬೆಳೆದವರು ಇದನ್ನು ಓದಿದರೆ ಮೊದಲು ನಗುತ್ತಾರೆ. 2014ರಲ್ಲಿ ಊರಿನ ಹೆಸರು ವಿಜಯಪುರ ಆಯಿತು, ಆದರೆ ನಮ್ಮ ಮನೆಯೊಳಗೆ ಇನ್ನೂ ಬಿಜಾಪುರವೇ. ಅಲ್ಲಿ ವರ್ಷಕ್ಕೆ ಬೀಳೋ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಅದೂ ಜೂನ್‌ನಿಂದ ಅಕ್ಟೋಬರ್ ಒಳಗೆ, ಅದೂ ಮನಸ್ಸು ಬಂದರೆ. ಬೇಸಿಗೆಯಲ್ಲಿ ಎರೆ ಭೂಮಿ ಕಾಲು ಸಿಗೋ ಅಷ್ಟು ಬಿರುಕು ಬಿಡುತ್ತದೆ. ಡೋಣಿ ನದಿ ತುಂಬಿದರೆ ಓಣಿಯಲ್ಲೆಲ್ಲ ಜೋಳ ಅನ್ನೋ ಅರ್ಥದ ಗಾದೆ ನಮ್ಮ ಕಡೆ ಇದೆ. ಡೋಣಿ ಎಷ್ಟು ವರ್ಷಕ್ಕೊಮ್ಮೆ ತುಂಬುತ್ತದೆ ಅಂತ ಗಾದೆ ಹೇಳೋದಿಲ್ಲ, ತುಂಬಿದಾಗಲೂ ಅದರ ನೀರು ಉಪ್ಪುಪ್ಪು. ಇಂಥ ಊರಿನಲ್ಲಿ ಎರಡು ಕೋಸು ಉದ್ದಕ್ಕೆ ಅಂಗಡಿಗೊಂದು ಮರ! ಆ ಮರಗಳಿಗೆ ಏಪ್ರಿಲ್ ತಿಂಗಳಲ್ಲಿ ನೀರು ಎಲ್ಲಿಂದ ಬರುತ್ತಿತ್ತು? ಯಾರು ಹಾಕುತ್ತಿದ್ದರು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಬಿಜಾಪುರದಲ್ಲಿ ಅಲ್ಲ, ಪುಣೆಯಲ್ಲಿ. ನಾನಿರೋದು ಇಲ್ಲಿನ ಒಂದು ಹಳೆಯ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ. ಮನೆ ಹಿಂದೆ ಒಂದು ಪಟ್ಟಿಯಷ್ಟು ಜಾಗ ಇದೆ. ಕರಿಬೇವು, ಮೆಹಂದಿ, ಎರಡು ದಾಸವಾಳ, ಒಂದು ನಿಂಬೆ, ಊರಿಂದ ತಂದು ಹಚ್ಚಿದ ಒಂದು ಅಂಜೂರ. ಪ್ರತಿ ವರ್ಷ ಮಾರ್ಚ್ ಬಂತೆಂದರೆ ಸೊಸೈಟಿಯ ಮೀಟಿಂಗಿನಲ್ಲಿ ಟ್ಯಾಂಕರ್ ಮಾತು ಶುರು. ಕಳೆದ ವರ್ಷ ಒಬ್ಬ ಹಿರಿಯರು ಎದ್ದು, 'ಕುಡಿಯೋದಕ್ಕೇ ದುಡ್ಡು ಕೊಟ್ಟು ನೀರು ತರಿಸ್ತಿದೀವಿ, ಗಿಡಗಳಿಗೆ ಯಾಕೆ ಬೇಕು? ಹಿಂದಿನ ಜಾಗಕ್ಕೆಲ್ಲ ಪೇವರ್ ಬ್ಲಾಕ್ ಹಾಕಿಬಿಡೋಣ, ಎರಡು ಗಾಡಿ ನಿಲ್ಲಿಸಬಹುದು' ಅಂದರು. ಹೆಚ್ಚಿನವರು ತಲೆಯಾಡಿಸಿದರು. ನಾನು ಒಂದು ವರ್ಷ ಸಮಯ ಕೇಳಿದೆ. ಗಿಡಗಳಿಗೆ ಸೊಸೈಟಿಯ ಒಂದು ಹನಿ ನೀರೂ ತಗೊಳ್ಳೋದಿಲ್ಲ ಅಂತ ಮಾತು ಕೊಟ್ಟೆ. ಕೊಟ್ಟಿದ್ದು ಕೊಟ್ಟೆ, ಹೇಗೆ ಅನ್ನೋದು ಗೊತ್ತಿರಲಿಲ್ಲ. ಆ ರಾತ್ರಿ ಅಸದ್ ಬೇಗ್ ನೆನಪಾದ, ಆಮೇಲೆ ನಮ್ಮ ದಾದಿ ನೆನಪಾದಳು.

ಮೊದಲು ಅಸದ್ ಬೇಗನ ಊರಿನ ಲೆಕ್ಕ ನೋಡೋಣ.

ಬಿಜಾಪುರದ ನೀರಿನ ಕೆಲಸ ಭರದಿಂದ ಶುರುವಾಗಿದ್ದು ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 1557ರಿಂದ 1580ರೊಳಗೆ. ಕೋಟೆಗೋಡೆ ಎದ್ದಿತು, ಜಾಮಿಯಾ ಮಸೀದಿ ಎದ್ದಿತು, ಜನ ಬಂದು ಸೇರಿದರು. ಜನ ಸೇರಿದ ಮೇಲೆ ನೀರು ಬೇಕಲ್ಲ. 1579ರಲ್ಲಿ ಚಾಂದ್ ಬಾವಡಿ ಆಯಿತು, ಅವನ ಬೇಗಂ ಚಾಂದ್ ಬೀಬಿಯ ಹೆಸರಲ್ಲಿ. 1620ರಲ್ಲಿ ಇಬ್ರಾಹಿಂ ಆದಿಲ್‌ಶಾಹನ ಬೇಗಂ ತಾಜ್ ಸುಲ್ತಾನಾಳ ಹೆಸರಲ್ಲಿ ತಾಜ್ ಬಾವಡಿ. ಇದನ್ನು ಕಟ್ಟಿಸಿದ ಮಲಿಕ್ ಸಂದಲ್ ಬಗ್ಗೆ ಊರಲ್ಲಿ ಹೇಳೋ ಕಥೆ ಬಲು ಸ್ವಾರಸ್ಯದ್ದು, ಇಲ್ಲಿ ಬೇಡ. ಬಾವಡಿಯ ಅಳತೆ ಮಾತ್ರ ಹೇಳುತ್ತೇನೆ. ಸುಮಾರು 223 ಅಡಿಯ ಚೌಕ, 52 ಅಡಿ ಆಳ. ಮುಂದೆ 35 ಅಡಿ ಅಗಲದ ಕಮಾನು, ಅದರ ಎರಡೂ ಬದಿಗೆ ಎಂಟು ಮೂಲೆಯ ಗೋಪುರ, ಅಕ್ಕಪಕ್ಕ ದಾರಿಹೋಕರು ತಂಗಲು ಜಾಗ. ಇದನ್ನು ಬಾವಿ ಅನ್ನಬೇಕೋ ಕೆರೆ ಅನ್ನಬೇಕೋ ತಿಳಿಯೋದಿಲ್ಲ. ಸುತ್ತಲಿನ ಎರೆ ಮಣ್ಣಿಗೆ ಇಂಗಿದ ಮಳೆ ನೀರು ಕೆಳಗಿನ ಕರಿಕಲ್ಲಿನ ಬಿರುಕುಗಳಲ್ಲಿ ಜರುಗಿ ಬಂದು ಇಂಥ ಬಾವಡಿಗಳಲ್ಲಿ ನಿಲ್ಲುತ್ತಿತ್ತು. ಮನೆಗಳಿಗೂ ತೋಟಗಳಿಗೂ ಅಂತ ಊರೊಳಗೆ ಇಂಥ ಸಣ್ಣ ದೊಡ್ಡ ಬಾವಿಗಳು ಲೆಕ್ಕವಿಲ್ಲದಷ್ಟಿದ್ದವು.

ಇದು ಊರೊಳಗಿನ ನೀರು. ಹೊರಗಿನಿಂದಲೂ ನೀರು ಬರುತ್ತಿತ್ತು. ಪಶ್ಚಿಮಕ್ಕೆ ತೊರವಿ. ಅಲ್ಲಿಂದ ನೆಲದೊಳಗೆ ಕಲ್ಲು ಕೊರೆದ ಸುರಂಗ. ನಡುನಡುವೆ ಮೇಲಿಂದ ಇಳಿಯಲು ಬಾವಿಯಂಥ ಕಂಡಿಗಳು, ಗಾಳಿಗೂ ಆಯಿತು, ಹೂಳು ತೆಗೆಯಲಿಕ್ಕೂ ಆಯಿತು. ದಕ್ಷಿಣಕ್ಕೆ ಬೇಗಂ ತಾಲಾಬ್. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ತನ್ನ ಬೇಗಂ ಜಹಾನ್‌ಳ ಹೆಸರಲ್ಲಿ ಕಟ್ಟಿಸಿದ ಕೆರೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಸುಟ್ಟ ಮಣ್ಣಿನ ಕೊಳವೆಯನ್ನು ಒಂದರೊಳಗೊಂದು ಸೇರಿಸಿ, ಸುತ್ತ ಗಾರೆ ಹೊದಿಸಿ ನೆಲದಲ್ಲಿ ಹೂಳುತ್ತಿದ್ದರು. ಎಲ್ಲೂ ಪಂಪು ಇಲ್ಲ. ಇಳಿಜಾರು ಒಂದೇ.

ಆದರೆ ಇಳಿಜಾರು ಹೆಚ್ಚಾದರೆ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಸೀಳುತ್ತದೆ. ಅದಕ್ಕೆ ಅವರು ಮಾಡಿದ ಉಪಾಯವೇ ಗಂಜು. ಬಿಜಾಪುರಕ್ಕೆ ಹೋದವರು ನೋಡಿರಬೇಕು, ಊರ ನಡುವೆ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಚೌಕಾಕಾರದ ಕಲ್ಲುಗೋಪುರಗಳು ನಿಂತಿವೆ. ಕೆಲವದರ ತಲೆ ಮೇಲೆ ಅರಳಿ ಸಸಿ ಎದ್ದಿದೆ. ಚಿಕ್ಕವರಿದ್ದಾಗ ನಾವು ಅವನ್ನು ಯಾವುದೋ ಪಹರೆ ಕಟ್ಟೆ ಅಂದುಕೊಂಡಿದ್ದೆವು, ಅದರ ಸುತ್ತ ಲಗೋರಿ ಆಡುತ್ತಿದ್ದೆವು. ಕೊಳವೆಯಲ್ಲಿ ಬಂದ ನೀರು ಗಂಜಿನೊಳಗೆ ಮೇಲೇರಿ, ಅಲ್ಲಿ ಬಯಲು ಗಾಳಿಗೆ ಬಂದು ಒತ್ತಡ ಕಳಕೊಂಡು, ಇನ್ನೊಂದು ಕೊಳವೆಯಿಂದ ಮುಂದೆ ಹೋಗುತ್ತಿತ್ತು. ಹೀಗೆ ಒಂದು ಗಳಿಗೆ ನಿಂತಾಗ ನೀರಿನಲ್ಲಿದ್ದ ಮಣ್ಣು ತಳಕ್ಕೆ ಕೂರುತ್ತಿತ್ತು. ತಳದ ಮಣ್ಣನ್ನು ಆಗಾಗ ತೆಗೆದು ಹಾಕಬೇಕಿತ್ತು. ಈ 'ತೆಗೆದು ಹಾಕಬೇಕಿತ್ತು' ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕಡೆಗೆ ಈ ನೀರು ಎಲ್ಲಿಗೆ ಹೋಗುತ್ತಿತ್ತು? ಮಹಲುಗಳ ಕಾರಂಜಿಗೆ, ಹಮಾಮಿಗೆ, ಮಸೀದಿಗಳ ಹೌಜಿಗೆ, ಸಾರ್ವಜನಿಕ ತೊಟ್ಟಿಗಳಿಗೆ. ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಹೌಜಿದೆ, ಅಸರ್ ಮಹಲಿನ ಮುಂದೆ ದೊಡ್ಡ ಚೌಕ ಕೊಳ ಇದೆ. ಹೌಜು ತುಂಬಿ ಹೊರಚೆಲ್ಲಿದ್ದು ಕಾಲುವೆಯಲ್ಲಿ ಗಿಡಮರಗಳ ಪಾತಿಗೆ. ದಖ್ಖನಿನ ತೋಟಗಳಲ್ಲೆಲ್ಲ ಇದೇ ಪದ್ಧತಿ. ನೀರು ಒಮ್ಮೆ ಕಣ್ಣಿಗೆ, ಒಮ್ಮೆ ಕೈಕಾಲಿಗೆ, ಕೊನೆಗೆ ಬೇರಿಗೆ. ಅಂಗಡಿ ಮುಂದಿನ ಮರಗಳಿಗೆ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಹಿಂದಿನ ಶ್ರಾವಣದ ಮಳೆಯೇ. ಎಂಟು ತಿಂಗಳು ನೆಲದೊಳಗೆ, ಕಲ್ಲಿನ ಬಿರುಕಿನೊಳಗೆ, ಕೆರೆಯ ತಳದಲ್ಲಿ ಉಳಿಸಿಟ್ಟ ಮಳೆ.

ಹೌಜಿನ ಮಾತು ಬಂದಿದ್ದಕ್ಕೆ ಒಂದು ಸಣ್ಣ ಅಡ್ಡಮಾತು. ನಿಂತ ನೀರು ಎಷ್ಟಿದ್ದರೆ ಸುಲಭಕ್ಕೆ ನಾಪಾಕ್ ಆಗೋದಿಲ್ಲ ಅನ್ನೋದು ನಮ್ಮ ಫಿಕ್ಹಿನಲ್ಲಿ ಹಳೆಯ ಚರ್ಚೆ. ಹನಫಿಗಳ ಲೆಕ್ಕ ಹತ್ತು ಮೊಳಕ್ಕೆ ಹತ್ತು ಮೊಳ. ಉತ್ತರ ಕರ್ನಾಟಕದ ಹಳೆಯ ಮಸೀದಿಗಳಲ್ಲಿ ಹೌಜು ಅಷ್ಟು ಅಗಲ ಇರೋದರ ಗುಟ್ಟು ಇದೇ. ಭಟ್ಕಳದ ಕಡೆ ಶಾಫಿಗಳು. ಅವರ ಲೆಕ್ಕ ಎರಡು ಕುಲ್ಲಾ, ಅಂದರೆ ಎರಡು ದೊಡ್ಡ ಹರವಿ. ಇಂದಿನ ಅಳತೆಯಲ್ಲಿ ಅದು ಎಷ್ಟು ಅನ್ನೋದರಲ್ಲಿ ಉಲಮಾಗಳ ಲೆಕ್ಕ ಹಿಂದುಮುಂದಾಗುತ್ತದೆ, ಹಲವರು 200 ಲೀಟರ್ ಆಸುಪಾಸು ಹೇಳುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ಗುಜರಿ ಅಂಗಡಿಯಲ್ಲಿ ಸಿಗೋ ನೀಲಿ ಡ್ರಮ್ಮಿಗೆ ಹಿಡಿಸೋದೂ ಸರಿಯಾಗಿ 200 ಲೀಟರೇ!

ಈಗ ಬೇಸರದ ಭಾಗ. ಇಷ್ಟೆಲ್ಲ ಕಟ್ಟಿದ ನೀರು ಹೇಗೆ ಹೋಯಿತು?

ಔರಂಗಜೇಬ 1686ರಲ್ಲಿ ಬಿಜಾಪುರ ಗೆದ್ದ, ಅಲ್ಲಿಗೆ ಎಲ್ಲಾ ಮುಗಿಯಿತು ಅಂತ ಶಾಲೆಯಲ್ಲಿ ಕಲಿತಿದ್ದೆವು. ಆದರೆ ಮೊದಲ ಪೆಟ್ಟು ಬಿದ್ದಿದ್ದು ಅದಕ್ಕೂ ಇಪ್ಪತ್ತು ವರ್ಷ ಮುಂಚೆ, ಹಾಕಿದವರು ಬಿಜಾಪುರದವರೇ. 1665ರ ಡಿಸೆಂಬರ್ ಕೊನೆಗೆ ಮಿರ್ಜಾ ರಾಜಾ ಜೈಸಿಂಗ್ ಮೊಗಲ್ ದಂಡು ತಗೊಂಡು ಊರಿಗೆ ಹತ್ತು ಹನ್ನೆರಡು ಮೈಲಿ ಹತ್ತಿರಕ್ಕೆ ಬಂದ. ಆಗ ಎರಡನೇ ಅಲಿ ಆದಿಲ್‌ಶಾಹನ ಕಡೆಯವರು ಶತ್ರುವಿಗೆ ನೀರು ಸಿಗಬಾರದು ಅಂತ ಕೋಟೆ ಹೊರಗಿನ ಸುತ್ತಲ ಸೀಮೆಯನ್ನೇ ಹಾಳುಗೆಡವಿದರು. ನೌರಸ್‌ಪುರ, ಶಾಹಪುರದ ಕೆರೆಗಳನ್ನು ಬರಿದು ಮಾಡಿದರು, ಬಾವಿಗಳಿಗೆ ಮಣ್ಣು ತುಂಬಿದರು, ಮರ ಕಡಿದು ಹಾಕಿದರು. ಯುದ್ಧದ ಲೆಕ್ಕದಲ್ಲಿ ಅದು ಸರಿಯೇ. ನೀರು, ಮೇವು ಸಿಗದೆ ಜೈಸಿಂಗ್ ಜನವರಿ ಮೊದಲ ವಾರದಲ್ಲೇ ಹಿಂದಿರುಗಿದ. ಊರು ಉಳಿಯಿತು. ಆದರೆ ಎರಡು ತಲೆಮಾರು ಕಟ್ಟಿದ ಕೆರೆ ಬರಿದು ಮಾಡಲು ಎಷ್ಟು ದಿನ ಬೇಕಾಯಿತು ನೋಡಿ. ಒಂದೇ ಕಡೆ ಕೂಡಿಟ್ಟ ದೊಡ್ಡ ನೀರನ್ನು ಒಂದೇ ಹುಕುಂನಲ್ಲಿ ಕಳೆಯಬಹುದು.

ಆಮೇಲೆ 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾದ. ಎರಡು ವರ್ಷದೊಳಗೆ ಪ್ಲೇಗು ಬಂತು. ಔರಂಗಜೇಬನ ಸ್ವಂತ ಬೇಗಂ ಔರಂಗಾಬಾದಿ ಮಹಲ್ 1688ರಲ್ಲಿ ಇಲ್ಲೇ ಪ್ಲೇಗಿಗೆ ತೀರಿಕೊಂಡಳು. ಸತ್ತವರು ಸತ್ತರು, ಉಳಿದವರು ಕೆಲಸ ಹುಡುಕಿಕೊಂಡು ಬೇರೆ ಊರು ಹಿಡಿದರು. ಗಂಜುಗಳನ್ನು ಯಾರೂ ಒಡೆಯಲಿಲ್ಲ. ಒಡೆಯುವ ಅಗತ್ಯವೂ ಇರಲಿಲ್ಲ. ತಳದ ಹೂಳು ತೆಗೆಯಲು ಇಳಿಯುತ್ತಿದ್ದ ಮನುಷ್ಯ ಬರೋದು ನಿಲ್ಲಿಸಿದ, ಅಷ್ಟೇ ಸಾಕಾಯಿತು. ಅವನಿಗೆ ಸಂಬಳ ಕೊಡುತ್ತಿದ್ದ ದಫ್ತರವೇ ಇರಲಿಲ್ಲವಲ್ಲ. ಮೊದಲು ಒಂದು ಗಂಜಿನ ತಳದಲ್ಲಿ ಹೂಳು, ಆಮೇಲೆ ಕೊಳವೆಯಲ್ಲಿ ಹೂಳು, ಎಲ್ಲೋ ಒಂದು ಕಡೆ ಮರದ ಬೇರು ಕೊಳವೆ ಸೀಳಿದ್ದು. ಹೀಗೆ ನೀರು ಸದ್ದಿಲ್ಲದೆ ಹೋಗಿರಬೇಕು ಅಂತ ನನ್ನ ಎಣಿಕೆ.

ಮರಾಠರು ಬಂದರು, ಸಾತಾರದ ರಾಜರ ಕೈಗೆ ಹೋಯಿತು, 1848ರಲ್ಲಿ ಇಂಗ್ಲಿಷರ ಕೈಗೆ ಬಂತು. 1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಸಾಹೇಬರು ಹಳೆಯ ಮಹಲುಗಳಲ್ಲೇ ಕಚೇರಿ ಹೂಡಿದರು. ಹೆನ್ರಿ ಕಸಿನ್ಸ್ ಎಂಬ ಪುರಾತತ್ವ ಇಲಾಖೆಯವನು ಊರನ್ನೆಲ್ಲ ಅಳೆದು 1916ರಲ್ಲಿ ದೊಡ್ಡ ಪುಸ್ತಕ ಹೊರತಂದ. ನೀರಿನ ಕೆಲಸಗಳ ಬಗ್ಗೆಯೂ ಅದರಲ್ಲಿದೆ. ಓದುವವರಿಗೆ ಅದು ಹೊಟ್ಟೆ ಉರಿಸೋ ಪುಸ್ತಕ. ಮುಂದೆ ಭೂತನಾಳ ಕೆರೆಯಿಂದ ನಳ, ಆಮೇಲೆ ಕೃಷ್ಣೆಯಿಂದ ನಳ. ಮನೆಗೆ ನಳ ಬಂದ ಮೇಲೆ ಬಾವಡಿಗೆ ಹೋಗುವವರು ಯಾರು? ನಾನು ಹುಡುಗನಿದ್ದಾಗ ತಾಜ್ ಬಾವಡಿಯಲ್ಲಿ ಹಸಿರು ಪಾಚಿ, ಅದರ ಮೇಲೆ ತೇಲೋ ಕಸ ಕಂಡಿದ್ದೇ ಹೆಚ್ಚು. ಈಚೆಗೆ ಹೂಳೆತ್ತಿ ಚೊಕ್ಕ ಮಾಡಿದ್ದಾರೆ. ಹೋದ ವರ್ಷ ಮಕ್ಕಳನ್ನು ಕರಕೊಂಡು ಹೋಗಿ ನೋಡಿ ಬಂದೆ, ಖುಷಿ ಆಯಿತು.

ಈ ಕಥೆಯಲ್ಲಿ ನಮ್ಮ ದಾದಿ ಎಲ್ಲಿ ಬರುತ್ತಾಳೆ ಅಂದರೆ, ನೀರು ಹೋದ ಊರಿನಲ್ಲೂ ಗಿಡ ಉಳಿದಿದ್ದವು. ಅದನ್ನು ಯಾವ ಗ್ಯಾಝೆಟಿಯರ್ ಬರೆದುಕೊಳ್ಳಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಮಾಳಿಗೆಯ ನೀರು ಹೊರಬೀಳಲು ಕಲ್ಲಿನ ಎರಡು ಹರನಾಳಿಗೆ, ಎರಡೂ ಅಂಗಳದ ಕಡೆ ಮುಖ ಮಾಡಿದ್ದವು. ಮೊದಲ ಮಳೆ ಬಿದ್ದಾಗ ದಾದಿ ಏನೂ ಮಾಡುತ್ತಿರಲಿಲ್ಲ, ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅದು ಮಾಳಿಗೆಯ ಧೂಳು, ಪಾರಿವಾಳದ ಹಿಕ್ಕೆ ತೊಳೆಯೋ ಮಳೆ. ಎರಡನೆಯ ಮಳೆಗೆ ಹರನಾಳಿಗೆ ಕೆಳಗೆ ದೊಡ್ಡ ಹರವಿ ಇಡುತ್ತಿದ್ದಳು. ಹರವಿಯ ಬಾಯಿಗೆ ಹಳೆಯ ದುಪಟ್ಟಾ ಎರಡು ಮಡಿಕೆ ಮಾಡಿ ಕಟ್ಟುತ್ತಿದ್ದಳು. ಹರವಿ ತುಂಬಿ ಚೆಲ್ಲಿದ ನೀರು ಹರಿದು ಹೋಗೋದು ದಾಳಿಂಬೆ ಬುಡಕ್ಕೆ. ಅಲ್ಲಿಗೆ ಆಕೆ ಕುರಪಿಯಿಂದ ಒಂದು ಗೆರೆ ಎಳೆದಿಟ್ಟಿರುತ್ತಿದ್ದಳು. ಹರವಿಯ ನೀರನ್ನು ಕೂಡಲೇ ಮುಟ್ಟುವಂತಿರಲಿಲ್ಲ, ಒಂದು ರಾತ್ರಿ ಕಳೆಯಬೇಕು. ಬೆಳಗ್ಗೆ ಮೇಲಿನ ತಿಳಿ ತೆಗೆದು ಬೇರೆ ಗಡಿಗೆಗಳಿಗೆ ತುಂಬಿ, ತಳದ ಕೆಸರನ್ನು ಮಲ್ಲಿಗೆ ಪಾತಿಗೆ ಸುರಿಯುತ್ತಿದ್ದಳು.

ಗಂಜಿನ ಕೆಲಸ ಓದಿದ ಮೇಲೆ ನನಗೆ ಹೊಳೆದಿದ್ದು ಇಷ್ಟು. ಇಳಿಜಾರು, ಹೂಳು ಕೂರಲು ಸಮಯ, ಮುಚ್ಚಿದ ಬಾಯಿ, ಹೊರಚೆಲ್ಲಿದ್ದಕ್ಕೊಂದು ದಾರಿ. ಆದಿಲ್‌ಶಾಹಿಗಳು ಕಲ್ಲಿನಲ್ಲಿ ಮಾಡಿದ್ದನ್ನೇ ಆಕೆ ಒಂದು ಹರವಿ, ಒಂದು ದುಪಟ್ಟಾದಲ್ಲಿ ಮಾಡುತ್ತಿದ್ದಳು. ಒಂದು ದೊಡ್ಡ ವ್ಯತ್ಯಾಸ ಅಂದರೆ, ಇಲ್ಲಿ ಹೂಳು ತೆಗೆಯೋಳೂ ಆಕೆಯೇ, ಗಿಡವೂ ಆಕೆಯದೇ. ಯಾವ ದಂಡು ಬಂದರೂ ಹೋದರೂ ಆ ಕೆಲಸ ನಿಲ್ಲುವಂತಿರಲಿಲ್ಲ.

ಬೇಸಿಗೆಗೆ ಆಕೆಯದು ಇನ್ನೊಂದು ಉಪಾಯ. ಕುಂಬಾರ ಓಣಿಯಿಂದ ಒಬ್ಬ ಅಜ್ಜಿ ತಲೆ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದಳು. ದಾದಿ ಆಕೆಗೆ ಹೇಳೋದು, 'ಯವ್ವಾ, ಛಲೋ ಮಡಕಿ ಬ್ಯಾಡ ನನಗ. ಹಸಿಬಿಸಿ ಸುಟ್ಟಿದ್ದು, ನೀರು ಬೆವರೋದು ಇದ್ರ ಕೊಡು.' ಅಜ್ಜಿ ನಗುತ್ತಾ, 'ನಿಮ್ಮಂಗ ಸೋರೂ ಮಡಕಿ ಕೇಳಿ ತಗೊಳ್ಳೋರು ಈ ಊರಾಗ ಯಾರೂ ಇಲ್ಲ ಬೇಗಮ್ಮ' ಅಂತ ನಾಲ್ಕಾಣೆಗೆ ಎರಡು ಕೊಡುತ್ತಿದ್ದಳು. ಆ ಮಡಕೆಗಳನ್ನು ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ಕುತ್ತಿಗೆವರೆಗೆ ಹುಗಿದು, ನೀರು ತುಂಬಿ, ಮೇಲೆ ಬಿಲ್ಲೆಕಲ್ಲು ಮುಚ್ಚಿದರೆ ಆಯಿತು. ಮಡಕೆಯ ಮೈಯಿಂದ ನೀರು ಸಾವಕಾಶ ಮಣ್ಣಿಗಿಳಿಯುತ್ತದೆ. ಮಣ್ಣು ಒಣಗಿದ್ದರೆ ಜಾಸ್ತಿ ಎಳೆದುಕೊಳ್ಳುತ್ತದೆ, ಹಸಿ ಇದ್ದರೆ ಕಡಿಮೆ. ಬಿಸಿಲಿಗೆ ಆವಿಯಾಗಿ ಹೋಗೋದು ಇಲ್ಲವೇ ಇಲ್ಲ ಅನ್ನುವಷ್ಟು. ಇದು ದಾದಿ ಕಂಡುಹಿಡಿದಿದ್ದೇನಲ್ಲ. ಎರಡು ಸಾವಿರ ವರ್ಷ ಹಿಂದಿನ ಚೀನಾದ ಫಾನ್ ಶೆಂಗ್‌ಝಿ ಎಂಬ ಕೃಷಿ ಪಂಡಿತನ ಹೊತ್ತಗೆಯಲ್ಲೇ ಮಡಕೆ ಹುಗಿದು ಗಿಡಕ್ಕೆ ನೀರುಣಿಸೋ ಕ್ರಮ ಇದೆ. ಬಿಜಾಪುರಕ್ಕೆ ಅದು ಎಲ್ಲಿಂದ ಬಂತೋ, ದಾದಿ ಕಲಿತಿದ್ದು ತನ್ನ ಅತ್ತೆಯಿಂದ.

ಮತ್ತೆ ಪುಣೆಗೆ ಬರುತ್ತೇನೆ. ಇಲ್ಲಿ ಬಂದ ಹೊಸದರಲ್ಲಿ ಹಳೆ ಪೇಠೆಗಳಲ್ಲಿ ತಿರುಗುವಾಗ 'ಹೌದ್' ಅನ್ನೋ ಹೆಸರು ಪದೇ ಪದೇ ಕಿವಿಗೆ ಬೀಳುತ್ತಿತ್ತು. ಕಾಳಾ ಹೌದ್, ನಾನಾ ಹೌದ್. ಅರಬ್ಬಿಯ ಹೌಜು ಮರಾಠಿಯಲ್ಲಿ ಹೌದ್ ಆಗಿದೆ, ನಮ್ಮ ಉತ್ತರ ಕರ್ನಾಟಕದಲ್ಲಿ ಹೌದ. (ಬೆಂಗಳೂರಿನ ಗೆಳೆಯನೊಬ್ಬ ನಮ್ಮೂರಿಗೆ ಬಂದಾಗ 'ಸ್ನಾನ ಎಲ್ಲಿ?' ಅಂತ ಕೇಳಿ, 'ಹೌದ' ಅನ್ನೋ ಉತ್ತರ ಕೇಳಿ ಕಕ್ಕಾಬಿಕ್ಕಿಯಾಗಿದ್ದ.) ಈ ಹೌದುಗಳಿಗೆ ನೀರು ಬರುತ್ತಿದ್ದುದು ಕಾತ್ರಜದಿಂದ. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಕಾತ್ರಜದ ಗುಡ್ಡದ ಬುಡದಲ್ಲಿ ಮಳೆ ನೀರಿಗೆ ಕೆರೆ ಕಟ್ಟಿಸಿ, ಅಲ್ಲಿಂದ ಶನಿವಾರವಾಡೆವರೆಗೆ ಎಂಟು ಕಿಲೋಮೀಟರಿನಷ್ಟು ನೆಲದೊಳಗೆ ಕಲ್ಲುಗಾರೆಯ ಕಾಲುವೆ ಮಾಡಿಸಿದ. ಕೆಲವೆಡೆ ಅದು ಆಳು ನಡೆದು ಹೋಗುವಷ್ಟು ದೊಡ್ಡದು. ದಾರಿಯಲ್ಲಿ ಗಾಳಿಗಂಡಿ, ಹೂಳು ಕೂರಲು ತೊಟ್ಟಿ, ಪೇಠೆಗಳಲ್ಲಿ ಜನಕ್ಕೆ ಹೌದು, ಕೊನೆಗೆ ವಾಡೆಯಲ್ಲಿ ಹಜಾರಿ ಕಾರಂಜಿ. ಪಂಪಿಲ್ಲ, ಇಳಿಜಾರೇ.

ತೊರವಿಯ ಸುರಂಗ ನೋಡಿದವನಿಗೆ ಇದರಲ್ಲಿ ಹೊಸದೇನಿಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕರೇಜ್ ಇದೆ, ಜನ ಸುರಂಗ ಬಾವಿ ಅನ್ನುತ್ತಾರೆ. ಹಬಶಿ ಗುಲಾಮನಾಗಿ ಬಂದು ನಿಜಾಮಶಾಹಿಯ ದಿವಾನನಾದ ಮಲಿಕ್ ಅಂಬರ್ 1610ರಲ್ಲಿ ಕಟ್ಟಿದ ಖಡಕಿಗೆ, ಅಂದರೆ ಮುಂದೆ ಔರಂಗಾಬಾದ್ ಆದ ಊರಿಗೆ, ಇದೇ ಬಗೆಯ ನಹರ್ ತಂದ. 1615ರ ಸುಮಾರಿಗೆ ಬುರ್ಹಾನ್‌ಪುರದಲ್ಲಿ ಅಬ್ದುಲ್ ರಹೀಮ್ ಖಾನ್‌ಖಾನಾನ್ ಕುಂಡಿ ಭಂಡಾರ ಮಾಡಿಸಿದ. ಇದು ಯಾರ ವಿದ್ಯೆ, ಯಾರಿಂದ ಯಾರು ಕಲಿತರು ಅಂತ ಈಗ ಜಗಳ ಮಾಡುವವರಿದ್ದಾರೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೇ ಒಮ್ಮೆ ಆಗಿತ್ತು. ಬಿಜಾಪುರದ ಮಾತು ತೆಗೆದರೆ 'ನಿಮ್ಮವರದು', ಕಾತ್ರಜದ ಮಾತು ತೆಗೆದರೆ 'ನಮ್ಮವರದು'. ಮಲಿಕ್ ಅಂಬರ್ ಎದುರು ನಿಂತು ಹೋರಾಡಿದ್ದು ಮೊಗಲರ ವಿರುದ್ಧ, 1624ರಲ್ಲಿ ಬಿಜಾಪುರದ ನೌರಸ್‌ಪುರವನ್ನು ಹಾಳುಗೆಡವಿದ್ದೂ ಅವನೇ, ಅವನ ಜೊತೆಗಿದ್ದ ದಂಡಿನಲ್ಲಿ ಮರಾಠಾ ಸರದಾರರು ತುಂಬಾ ಜನ. ಇದರಲ್ಲಿ ಯಾರನ್ನು 'ನಮ್ಮವರು' ಅಂತ ಎಣಿಸೋದು? ನಾನು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಬರೆಯಬೇಕಿತ್ತೇನೋ ಅಂತ ಈಗ ಅನ್ನಿಸುತ್ತದೆ.

ಬರೆಯೋ ಬದಲು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಹಿಂದಿನ ಸೈಕಲ್ ಷೆಡ್ಡಿನ ತಗಡು 25 ಚದರ ಮೀಟರ್. ಹತ್ತು ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ 250 ಲೀಟರ್. ಸಿಡಿದು, ಸೋರಿ ಹೋಗೋದನ್ನು ಕಳೆದರೂ 200 ಲೀಟರ್ ಬಂತು. ಒಂದು ಮಳೆಗೆ ಒಂದು ಡ್ರಮ್ಮು! ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬೀಳುತ್ತದೆ. ಅದೇ ತಗಡಿನಿಂದ 14,000 ಲೀಟರ್ ಆಗುತ್ತದೆ. ಅಷ್ಟನ್ನು ಹಿಡಿದಿಡಲು ಜಾಗ ಇಲ್ಲ ಅನ್ನೋದು ಬೇರೆ ಮಾತು.

ಹಿಡಿದಿಟ್ಟಿದ್ದು ನಾಲ್ಕು ಡ್ರಮ್ಮು. ಅಂಗಡಿಯವನಿಗೆ ಮೊದಲು ಕೇಳಿದ್ದು, ಇದರಲ್ಲಿ ಏನು ತುಂಬಿತ್ತು ಅಂತ. ಕೆಮಿಕಲ್ ತುಂಬಿದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಹಣ್ಣಿನ ರಸ ತುಂಬಿದ್ದವು ಸಿಕ್ಕವು, ಮೂರು ವಾರ ಮಾವಿನ ವಾಸನೆ ಹೋಗಲಿಲ್ಲ. ಎರಡು ಇಟ್ಟಿಗೆ ಸಾಲಿನ ಮೇಲೆ ಅವನ್ನು ಎತ್ತರಿಸಿ ಕೂರಿಸಿದೆ, ಕೆಳಗೆ ನಲ್ಲಿ ಹಾಕಿ ನೀರು ತಾನೇ ಇಳಿಯಲಿ ಅಂತ. ನಲ್ಲಿಯನ್ನು ತಳಕ್ಕಿಂತ ನಾಲ್ಕು ಬೆರಳು ಮೇಲೆ ಕೂರಿಸಿದೆ, ಕೆಸರು ಕೆಳಗೇ ಉಳಿಯಲಿ ಅಂತ. ಒಂದು ಡ್ರಮ್ಮಿನ ಕುತ್ತಿಗೆಯಿಂದ ಮುಂದಿನದಕ್ಕೆ ಕೊಳವೆ, ಕೊನೆಯದರಿಂದ ಹೊರಚೆಲ್ಲೋದು ಜಲ್ಲಿ ತುಂಬಿದ ಒಂದು ಗುಂಡಿಗೆ, ಅಲ್ಲಿಂದ ನೆಲಕ್ಕೆ. ಬಾಯಿಗೆ ಸೊಳ್ಳೆಪರದೆ ಬಿಗಿಯಾಗಿ ಕಟ್ಟಿದೆ. ಈ ಒಂದು ವಿಷಯದಲ್ಲಿ ದಾದಿಗಿಂತ ನಾನು ಹೆಚ್ಚು ಹುಷಾರಾಗಿರಬೇಕು. ಡೆಂಗಿಯ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿನೀರಲ್ಲೇ, ಒಂದು ವಾರ ಹತ್ತು ದಿನದಲ್ಲಿ ರೆಕ್ಕೆ ಬಂದು ಹಾರುತ್ತದೆ. ಮೊದಲ ಮಳೆಯ ದಿನ ತಗಡಿನ ಕೊಳವೆಯನ್ನು ಡ್ರಮ್ಮಿನಿಂದ ಆಚೆ ತಿರುಗಿಸಿಟ್ಟೆ. ಕರಿ ನೀರು ಬಂತು, ಎಲೆ ಬಂತು, ಒಂದು ಸತ್ತ ಓತಿಕ್ಯಾತ ಬಂತು.

ಮಳೆಗಾಲ ಸುಸೂತ್ರ. ಕಷ್ಟ ಇದ್ದಿದ್ದು ಅಕ್ಟೋಬರಿನ ಆಚೆ. ಕೊನೆಯ ಮಳೆಗೆ ತುಂಬಿಕೊಂಡ 800 ಲೀಟರಿನಲ್ಲಿ ಜೂನ್ ಮುಟ್ಟಬೇಕು. ಬಕೆಟ್ಟಿನಲ್ಲಿ ಹಾಕಿದರೆ ಒಂದು ತಿಂಗಳೂ ಬರೋದಿಲ್ಲ. ಮಡಕೆ ಹುಗಿದರೆ? ಹತ್ತು ಮಡಕೆ, ಒಂದೊಂದಕ್ಕೆ ನಾಲ್ಕು ಲೀಟರ್, ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಒಂದು ಡ್ರಮ್ಮು 20 ದಿನ, ನಾಲ್ಕು ಡ್ರಮ್ಮು 80 ದಿನ. ಇದರ ಜೊತೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ನಮ್ಮ ಮನೆಯ ಐದು ಹೊತ್ತಿನ ವಝೂ ನೀರು. ವಝೂ ನೀರಿಗೆ ಸಿಂಕಿನ ಬದಲು ಒಂದು ಬುಟ್ಟಿ ಇಟ್ಟಿದ್ದು ನನ್ನ ಹೆಂಡತಿಯ ಯೋಚನೆ. ಇಬ್ಬರ ಲೆಕ್ಕದಲ್ಲೇ ದಿನಕ್ಕೆ ಒಂದು ಬುಟ್ಟಿ ತುಂಬುತ್ತದೆ. ಅದನ್ನು ಸೇರಿಸಿದ ಮೇಲೆ ಲೆಕ್ಕ ಹೇಗೋ ಮೇ ತಿಂಗಳ ಅಂಚಿಗೆ ಮುಟ್ಟಿತು. ಎರಡನೆಯ ದಾಸವಾಳ ಒಣಗಿ ಹೋಯಿತು, ಅದನ್ನು ಮುಚ್ಚಿಡೋದಿಲ್ಲ. ಉಳಿದದ್ದು ಉಳಿಯಿತು. ಪೇವರ್ ಬ್ಲಾಕ್ ವಿಷಯ ಈ ಸಲದ ಮೀಟಿಂಗಿನಲ್ಲಿ ಬರಲಿಲ್ಲ. ಮುಂದಿನ ಸಲ ಬರಬಹುದು.

ಮಡಕೆ ಹುಡುಕಿಕೊಂಡು ಕಸಬಾ ಪೇಠೆಯ ಕುಂಭಾರವಾಡೆಗೆ ಹೋಗಿದ್ದೆ. ಗಣಪತಿಯ ಕೆಲಸ ಜೋರಾಗಿ ನಡೆದಿತ್ತು. ಒಬ್ಬ ಮುದುಕಪ್ಪ ದೀಪದ ಹಣತೆಗಳನ್ನು ಜೋಡಿಸುತ್ತಾ ಕೂತಿದ್ದ. ನನ್ನ ಹರಕುಮುರುಕು ಮರಾಠಿಯಲ್ಲಿ, ಕಾಕಾ, ಸರಿಯಾಗಿ ಸುಡದೆ ಇರೋದು, ನೀರು ಸೋರೋದು ಹತ್ತು ಬೇಕು ಅಂದೆ. ಆತ ಹಣತೆ ಕೆಳಗಿಟ್ಟು ನನ್ನ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ಮೂಲೆಯಲ್ಲಿ ಬಿದ್ದಿದ್ದವನ್ನು ಒಂದೊಂದಾಗಿ ಬೆರಳಿಂದ ತಟ್ಟಿ, ಸದ್ದು ಕೇಳಿ ಆರಿಸಿ ತಂದ. ಹನ್ನೊಂದು ಇದ್ದವು. ಒಂದು ಪುಕ್ಕಟೆ ಅಂದ. ಸೋರದೆ ಇದ್ದರೆ ವಾಪಸ್ ತನ್ನಿ, ಬದಲಾಯಿಸಿ ಕೊಡ್ತೀನಿ ಅಂತಲೂ ಹೇಳಿದ.